ಕಿವಿ ಕೆಂಪಾದರೆ ಆರ್ಡರ್ ಬಿದ್ದಂತೆ

"ನಿಮ್ಮಪ್ಪ ಕುಟ್ಟಿದ ಖಾರಕ್ಕ ಊರೆಲ್ಲಾ ಅಳ್ತಿತ್ತು. ನೀ ಕುಟ್ಟಿದ್ದು ನೋಡಿ ನಿಮ್ಮಪ್ಪ ಒಬ್ಬನ ಅಳಬೇಕು" ಎಂದು ನೀಲಗಂಗವ್ವ ನಮ್ಮ ಅಂಗಡಿಯ ಕಟ್ಟೆ ಮುಂದೆ ನಿಂತು, ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ಕೇಳುವಂತೆ ಹೇಳಿದಳು. ಬಾಳೆಹಣ್ಣಿನವನು ತಕ್ಕಡಿ ಕೆಳಗಿಟ್ಟು ತಿರುಗಿ ನೋಡಿದ. ಎದುರಿನ ಟೇಲರ್ ಮಷಿನ್ ತುಳಿಯುವುದು ನಿಲ್ಲಿಸಿದ. ಸರದಿಯಲ್ಲಿ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನನ್ನ ಕಿವಿ ನೋಡಿದರು. ಕಿವಿ ಕೆಂಪಾಗಿತ್ತು. ನೀಲಗಂಗವ್ವನೂ ನೋಡಿ ಖಾತ್ರಿ ಮಾಡಿಕೊಂಡು ದನಿ ಇಳಿಸಿದಳು. "ಎರಡು ಕಿಲೋ ಇರಲಿ. ಸಂಜಿಮುಂದ ಬರ್ತೀನಪಾ" ಎಂದು ಮೆಣಸಿನಕಾಯಿಯ ಚೀಲ ಕಟ್ಟೆಯ ಮೇಲಿಟ್ಟು ತನ್ನ ಖಾನಾವಳಿಯ ಕಡೆ ಹೋದಳು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಒನಕೆ ಎತ್ತಿದೆ.

ನಮ್ಮ ಊರಲ್ಲಿ ಮಾಡುವವನ ಮನಸ್ಸು ಹೇಗಿರುತ್ತದೋ ಮಾಡಿದ ವಸ್ತುವೂ ಹಾಗೇ ಇರುತ್ತದೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ. ಕೌದಿ ಹೊಲಿಯುವ ಇಮಾಂಬಿ ತೂಕಡಿಸುತ್ತ ಹೊಲಿದರೆ ಮಾತ್ರ ಹೊದ್ದವರಿಗೆ ನಿದ್ದೆ. ಅದಕ್ಕೇ ಕೌದಿ ಬೇಕಾದವರು ಮಧ್ಯಾಹ್ನ ಊಟವಾದ ಮೇಲೆ ಅವಳ ಮನೆಗೆ ಹೋಗಿ, ತಮ್ಮ ಹೊಲದ ಬದುವಿನ ತಕರಾರನ್ನು ಅಜ್ಜನ ಕಾಲದಿಂದ ಹೇಳಲು ಶುರು ಮಾಡುತ್ತಾರೆ. ಬೀಗ ಮಾಡುವ ಕಮ್ಮಾರ ಮೌನೇಶಪ್ಪನಿಗೆ ಸಂಶಯ ಬರಬೇಕು. ಗಂಡನ ಧಂದೆ ನಡೆಯಲಿ ಎಂದು ಅವನ ಹೆಂಡತಿ ದಿನಾ ನೀರಿಗೆ ಹೋಗಿ ಬೇಕಂತಲೇ ತಡಮಾಡಿ ಬರುತ್ತಾಳೆ. ಖಾರ ಕುಟ್ಟುವವನಿಗೆ ಸಿಟ್ಟು ಬೇಕು. ಬಂದ ಗಿರಾಕಿ ಮೊದಲು ನಾಲ್ಕು ಜನರ ಮುಂದೆ ಬೈಯಬೇಕು, ಆಮೇಲೆ ತೂಕ ಹೇಳಬೇಕು. ಮನೆಯ ಸಾರಿಗಾದರೆ ನನ್ನ ಮೋರೆಯ ಮೇಲೆ ಒಂದು ಮಾತು ಸಾಕು. ಮದುವೆಯ ಅಡುಗೆಗಾದರೆ ಅಪ್ಪನನ್ನು ಎಳೆದು ತರುತ್ತಾರೆ. ಅವ್ವನ ಸುದ್ದಿಗೆ ಹೋಗುವಂತಿಲ್ಲ. ಅಪ್ಪನ ಕಾಲದಲ್ಲಿ ಯಾರೋ ಹೋಗಿದ್ದರಂತೆ, ಆ ಖಾರ ಬಿದ್ದ ಸಾರು ಬೋಗುಣಿಯ ತಳ ತೂತು ಮಾಡಿತ್ತಂತೆ.

ಗಿರಾಕಿಗೆ ಇಷ್ಟು ನಿಯಮ ಇದ್ದರೆ ಕುಟ್ಟುವವನಿಗೆ ಒಂದೇ. ಬೈಸಿಕೊಂಡವನು ಉತ್ತರ ಕೊಡಬಾರದು. ಕೊಟ್ಟರೆ ಸಿಟ್ಟು ಬಾಯಿಂದ ಹೊರಟು ಹೋಗುತ್ತದೆ, ಕೈಗೆ ಏನೂ ಉಳಿಯುವುದಿಲ್ಲ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೀದಾ ಒರಳಿಗೆ ನಡೆಯಬೇಕು. ನನಗೆ ಉತ್ತರ ಹೊಳೆಯುವುದಿಲ್ಲ ಎಂದು ಈ ಊರಿನವರು ತಿಳಿದಿದ್ದರೆ ಅದು ಅವರ ಪುಣ್ಯ. ನಾನು ಕೊಡದೆ ನುಂಗಿದ ಉತ್ತರಗಳನ್ನೆಲ್ಲ ಒಂದು ದಿನ ಕೊಟ್ಟೆನೆಂದರೆ ಅರ್ಧ ಪೇಟೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಸಮಾಧಾನ ಬಂತು. ನಮ್ಮ ಕಸುಬಿನವರಿಗೆ ಬರುವ ರೋಗ ಅದು. ಒಬ್ಬ ಗಿರಾಕಿ ಬಂದು ಅಪ್ಪನಿಗೆ ಕತ್ತೆ ಅಂದ. ಅಪ್ಪ ಸ್ವಲ್ಪ ಹೊತ್ತು ವಿಚಾರ ಮಾಡಿ, ಇದ್ದರೂ ಇರಬಹುದು ಎಂದ. ಅವತ್ತೇ ಒನಕೆಯನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಬಂದು ಕುಳಿತವನು ಇನ್ನೂ ಎದ್ದಿಲ್ಲ. ಹೋಗಿಬರುವವರನ್ನೆಲ್ಲ ನೋಡಿ ನಗುತ್ತಾನೆ. ಎಷ್ಟು ಒಳ್ಳೇ ಮನುಷ್ಯ ಎನ್ನುತ್ತಾರೆ ಜನ. ನನಗೆ ಮಾತ್ರ ಆ ನಗು ನೋಡಿದರೆ ಹೆದರಿಕೆ. ಸಾಲಿ ಬಿಡ್ತೀಯೇನೋ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಪಾಟಿಚೀಲ ಇಳಿಸಿದರು, ಒನಕೆ ಕೊಟ್ಟರು. ಮೊದಲ ಕೆಲವು ವರ್ಷ ನನಗೆ ಗಿರಾಕಿಗಳ ಬೈಗುಳವೇ ಬೇಕಾಗಲಿಲ್ಲ, ಆ ಸಿಟ್ಟಿನಲ್ಲೇ ಅಂಗಡಿ ನಡೆಯಿತು.

ಆಮೇಲೆ ಹೆದ್ದಾರಿಯ ಪಕ್ಕ ದೊಡ್ಡ ಮಳಿಗೆ ಬಂತು. ಅಲ್ಲಿಯ ಸಾಮಾನೆಲ್ಲ ಮಷಿನ್ನಿನಲ್ಲಿ ಮಾಡಿದ್ದು. ಮಷಿನ್ನಿಗೆ ಸಿಟ್ಟೂ ಇಲ್ಲ, ನಿದ್ದೆಯೂ ಇಲ್ಲ. ಅಲ್ಲಿಯ ಹೊದಿಕೆ ಬರೀ ಬಟ್ಟೆ, ಬೀಗ ಬರೀ ಕಬ್ಬಿಣ, ಖಾರದಪುಡಿ ಬರೀ ಬಣ್ಣ. ಆದರೂ ಜನ ಹೋದರು, ಯಾಕೆಂದರೆ ಅಲ್ಲಿ ಯಾರನ್ನೂ ಏನೂ ಮಾಡಬೇಕಾಗಿರಲಿಲ್ಲ. ಗಾಡಿ ತಳ್ಳಿಕೊಂಡು ಹೋಗಿ ಪಾಕೀಟು ತೆಗೆದುಕೊಂಡು ಬಂದರಾಯಿತು. ನಮ್ಮ ಹಳೇ ಗಿರಾಕಿಯೊಬ್ಬಳು ದಾರಿಯಲ್ಲಿ ಸಿಕ್ಕವಳು ಪಾಕೀಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮುಂಜಾನೆದ್ದು ನಿನ್ನ ಬೈಯಾಕ ಪುರಸೊತ್ತ ಆಗವಲ್ದಪಾ, ತಪ್ಪು ತಿಳ್ಕೋಬ್ಯಾಡ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಆರ್ಡರ್ ಇಲ್ಲದ ಸಿಟ್ಟು ತೆಗೆದುಕೊಂಡು ಏನು ಮಾಡುವುದು? ದಂಡ.

ಖಾನಾವಳಿಗೂ ಅದೇ ಗತಿ. ಮಳಿಗೆಯ ಬೆನ್ನಿಗೇ ಹೆದ್ದಾರಿ ಹೋಟೆಲ್ ಬಂತು, ಗಾಜಿನ ಬಾಗಿಲು, ಕೈಯೊರೆಸಲು ಕಾಗದ. ಊರಿನ ಗಿರಾಕಿಗಳು ತೆಳ್ಳಗಾದರೂ ಲಾರಿಯವರು ಮಾತ್ರ ನೀಲಗಂಗವ್ವನನ್ನು ಬಿಡಲಿಲ್ಲ. ಅವಳ ಕೆಂಪು ಚಟ್ನಿ ತಿಂದರೆ ಕಣ್ಣಲ್ಲಿ ನೀರು ಬಂದು, ಮುಂದಿನ ಊರು ಬರುವವರೆಗೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಆ ಚಟ್ನಿ ನನ್ನ ಖಾರದ ಮೇಲೆ ನಿಂತಿತ್ತು, ನನ್ನ ಅಂಗಡಿ ಅವಳ ಬಾಯಿಯ ಮೇಲೆ ನಿಂತಿತ್ತು.

ಪ್ರಫುಲ್ಲಾ ಮೇಡಂ ಬಂದದ್ದು ಆಗ. ಸಣ್ಣ ಧಂದೆಯವರನ್ನು ಮೇಲೆತ್ತುವ ಯಾವುದೋ ಕಚೇರಿಯಿಂದ ಜೀಪಿನಲ್ಲಿ ಬಂದಿಳಿದರು. ಸಮುದಾಯ ಭವನದ ಗೋಡೆಯ ಮೇಲೆ ಚಿತ್ರ ಬಿಟ್ಟು, ದೊಡ್ಡ ಮಳಿಗೆಯ ಹತ್ತಿರ ಇರುವುದೆಲ್ಲ ಒಂದು ಫೋನಿದ್ದರೆ ನಿಮ್ಮ ಹತ್ತಿರವೂ ಇರುತ್ತದೆ, ಗಿರಾಕಿ ನಿಮ್ಮ ಬಾಗಿಲಿಗೆ ಬರುವುದು ಬೇಡ, ನೀವೇ ಅವರ ಕೈಯಲ್ಲಿ ಕೂತಿರುತ್ತೀರಿ ಎಂದು ವಿವರಿಸಿದರು. ಮರುದಿನ ನನ್ನ ಅಂಗಡಿಗೆ ಬಂದು ಎರಡೂ ಕೈ ಮುಗಿದು, ನಿಮ್ಮ ಖಾರದಪುಡಿಯ ಬಗ್ಗೆ ಬಹಳ ಕೇಳಿದ್ದೇನೆ, ದಯವಿಟ್ಟು ಅರ್ಧ ಕಿಲೋ ಕೊಡ್ತೀರಾ ಎಂದು ಕೇಳಿದರು. ಹುಟ್ಟಿದಾಗಿನಿಂದ ನನಗೆ ಯಾರೂ ದಯವಿಟ್ಟು ಅಂದಿರಲಿಲ್ಲ. ಕುಟ್ಟಿಕೊಟ್ಟೆ. ರಂಗೋಲಿಯ ಕೆಂಪುಪುಡಿಯ ಹಾಗೆ ಬಂತು. ಚೆನ್ನಾಗಿತ್ತು, ಮಕ್ಕಳೂ ತಿಂದರು ಎಂದು ಆಮೇಲೆ ಹೇಳಿದರು. ಬೈಯಬೇಕು ಮೇಡಂ ಎಂದು ನೀಲಗಂಗವ್ವ ತಿಳಿಸಿ ಹೇಳಿದಾಗ ಅವರ ಮುಖ ಸಣ್ಣದಾಯಿತು. ಬೈಯುವುದು ತನ್ನಿಂದ ಆಗುವುದಿಲ್ಲ, ಆದರೆ ಬೈಯುವವರನ್ನು ಎಲ್ಲಿದ್ದರೂ ಹುಡುಕಿ ತರುವುದು ತನ್ನ ಜವಾಬ್ದಾರಿ ಎಂದರು. ಅವರು ಮಾತಿಗೆ ತಪ್ಪುವ ಹೆಂಗಸಲ್ಲ.

ಊರಿನ ಕೈಕಸುಬಿನವರಿಗೆಲ್ಲ ಸೇರಿ ಒಂದು ಆ್ಯಪ್ ಮಾಡಿದರು. ಅದರಲ್ಲಿ ನನ್ನದೂ ಒಂದು ಪುಟ. ರುಮಾಲು ಸುತ್ತಿದ ನನ್ನ ಫೋಟೋ, ಕೆಳಗೆ ತೂಕ, ಅದರ ಕೆಳಗೆ ಸಪ್ಪೆಯಿಂದ ಮದುವೆಯವರೆಗೆ ಬೆರಳಿನಿಂದ ಸರಿಸುವ ಗೆರೆ, ಕೊನೆಗೆ ಬೈಗುಳ ಬರೆಯಲು ಜಾಗ. ಎಲ್ಲಿಂದಾದರೂ ಬೈದು ಆರ್ಡರ್ ಮಾಡಬಹುದು, ಖಾರ ಬಸ್ಸಿನಲ್ಲಿ ಹೋಗುತ್ತದೆ. ದೂರದ ಊರಿನಿಂದ ಬಂದ ಮೊದಲನೇ ಬೈಗುಳವನ್ನು ನಾನು ಬೆರಳಿಟ್ಟುಕೊಂಡು ಓದಿದೆ. ಅಕ್ಷರ ಕೂಡಿಸಿ ಕೂಡಿಸಿ ಕೊನೆ ಮುಟ್ಟುವಷ್ಟರಲ್ಲಿ, ಅಬ್ಬಾ ಪೂರ್ತಿ ಓದಿದೆನಲ್ಲ ಎಂದು ಖುಷಿಯಾಗಿಬಿಟ್ಟಿತು. ಆ ಖಾರ ತಿಂದವರು ಬೆಲ್ಲ ಹಾಕಿದ್ದೀರಾ ಎಂದು ಕೇಳಿದರು. ಅದಕ್ಕೆ ಮೇಡಂ ಬರೆಯುವುದನ್ನು ತೆಗೆದು ದನಿಯಲ್ಲೇ ಬೈಯುವ ಹಾಗೆ ಮಾಡಿದರು. ಗಿರಾಕಿಗೆ ಕಿವಿ ಕಾಣುವುದಿಲ್ಲವಲ್ಲ ಎಂದು ನೀಲಗಂಗವ್ವ ತಕರಾರು ತೆಗೆದಾಗ, ಬೈಸಿಕೊಂಡ ಕೂಡಲೇ ಕಿವಿಯ ಫೋಟೋ ಹೊಡೆದು ಕಳಿಸುವ ಏರ್ಪಾಟೂ ಆಯಿತು. ಕಿವಿ ಕೆಂಪಾದರೆ ಆರ್ಡರ್ ಬಿದ್ದಂತೆ.

ಸುಳ್ಳು ಹೇಳಬಾರದು, ನಡೆಯಿತು. ನನ್ನ ಪೊಟ್ಟಣಗಳನ್ನು ಹೊತ್ತು ಹೊತ್ತು ಕಂಡಕ್ಟರುಗಳು ಟಿಕೆಟ್ ಹರಿಯುವಾಗ ಸೀನುವಂತಾದರು. ಇಮಾಂಬಿಗೆ ಯಾರೋ ತಮ್ಮ ಸಹಕಾರ ಸಂಘದ ವಾರ್ಷಿಕ ಸಭೆಯನ್ನು ಪೂರ್ತಿ ರೆಕಾರ್ಡ್ ಮಾಡಿ ಕಳಿಸಿದರು. ಅದನ್ನು ಕೇಳುತ್ತ ಹೊಲಿದ ಕೌದಿಗಳಿಗೆ ಆಸ್ಪತ್ರೆಗಳಿಂದ ಬೇಡಿಕೆ ಬಂತು. ಮೌನೇಶಪ್ಪನ ಫೋನಿನಲ್ಲಿ ಹೆಂಡತಿ ಎಲ್ಲಿದ್ದಾಳೆಂದು ತೋರಿಸುವ ಚುಕ್ಕೆ ಹಾಕಿಕೊಟ್ಟರು. ನಮ್ಮ ಊರಿನ ನೆಟ್‌ವರ್ಕ್ ಎಂಥದೆಂದರೆ, ಆಕೆ ಪಕ್ಕದಲ್ಲೇ ಕುಳಿತು ರೊಟ್ಟಿ ಬಡಿಯುತ್ತಿದ್ದರೂ ಚುಕ್ಕೆ ಗುಡ್ಡದ ಆಚೆ ಓಡಾಡುತ್ತಿತ್ತು. ಆ ದಿನಗಳಲ್ಲಿ ಅವನು ಮಾಡಿದ ಬೀಗಗಳು ತಮ್ಮ ಕೀಲಿಯನ್ನೂ ನಂಬದೆ ಮುಚ್ಚಿಕೊಂಡೇ ಇರುತ್ತಿದ್ದವು. ದೂರು ಬರುತ್ತದೆ ಎಂದುಕೊಂಡರೆ ಯಾವುದೋ ಖಜಾನೆಯವರು ಮತ್ತಷ್ಟು ಕಳಿಸಿ ಎಂದರು.

ತೊಡಕು ಬಂದದ್ದು ನನ್ನೊಬ್ಬನಿಗೆ. ಗುರುತಿಲ್ಲದವರ ಬೈಗುಳ ಮೈಗೆ ಹತ್ತುವುದಿಲ್ಲ. ಒಬ್ಬ ನನಗೆ ಬೋಳ ಎಂದ, ನನ್ನ ಕೂದಲು ಹೆಗಲ ಮೇಲಿದೆ. ಇನ್ನೊಬ್ಬ ನಿಮ್ಮಪ್ಪ ಕುಡುಕ ಎಂದ, ಅಪ್ಪ ಚಹಾ ಸಹ ಮುಟ್ಟುವುದಿಲ್ಲ. ಮೇಡಂ ಊರಿನವರನ್ನು ನಮ್ಮ ಕಟ್ಟೆಯ ಮುಂದೆ ಕೂಡಿಸಿ, ನನ್ನ ಕಡೆ ಕೈ ತೋರಿಸಿ, ಫಕೀರೇಶನಿಗೆ ನಿಜವಾಗಿ ನಾಟುವುದು ಯಾವುದು ಎಂದು ಕೇಳಿದರು. ಜಾತ್ರೆಗೆ ವರ್ಗಣಿ ಕೇಳಲು ಹೋದರೆ ಬಾಗಿಲು ಹಾಕಿಕೊಳ್ಳುವ ಊರು ಅವತ್ತು ಕೈಬಿಚ್ಚಿ ಕೊಟ್ಟಿತು. ನನ್ನ ಕುಳ್ಳ ದೇಹ ಬಂತು. ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದುಹೋದದ್ದು ಬಂತು. ಅಪ್ಪನೂ ಕುಳಿತಲ್ಲಿಂದಲೇ ಪ್ರೀತಿಯಿಂದ ಎರಡು ಮೂರು ನೆನಪು ಮಾಡಿಕೊಟ್ಟ. ಎಲ್ಲಕ್ಕಿಂತ ಹೆಚ್ಚು ನಾಟುವುದು ಸಾಲಿ ಬಿಟ್ಟದ್ದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಚಂದಾಗಿ ಬೈಯುವವರು ಯಾರು ಎಂಬುದರಲ್ಲೂ ಇರಲಿಲ್ಲ. ನೀಲಗಂಗವ್ವನನ್ನು ಶಾಲೆಯ ಖಾಲಿ ಕೋಣೆಯಲ್ಲಿ ಕೂರಿಸಿ, ಕಿಟಕಿ ಹಾಕಿ, ಬೈಗುಳಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡರು. ಇನ್ನು ಗಿರಾಕಿ ಬೈಯುವುದೂ ಬೇಡ, ಬೇಕಾದ್ದರ ಮೇಲೆ ಒತ್ತಿದರಾಯಿತು.

ಎಲ್ಲರೂ ಒತ್ತಿದ್ದು ಒಂದನ್ನೇ. "ಏಳನೇತ್ತ ದಾಟಲಾರದ ಕ್ವಾಣಾ, ನಿನ್ನ ಕೈಗೆ ಪೆನ್ನು ಕೊಟ್ರ," ಇಲ್ಲಿ ಒಂದು ಕೆಮ್ಮು, "ಅದನ್ನೂ ಒರಳಿಗೆ ಹಾಕಿ ಕುಟ್ತಿ." ಕೆಮ್ಮು ಬಂದದ್ದು ಕೋಣೆಯ ಧೂಳಿಗೆ. ಸಹಜವಾಗಿದೆ, ಇರಲಿ ಎಂದು ಮೇಡಂ ಬಿಟ್ಟಿದ್ದರು.

ಮೊದಲ ಸಲ ಕೇಳಿದಾಗ ಕಿವಿ ಸುಟ್ಟುಹೋದವು. ಆ ದಿನ ಕುಟ್ಟಿದಂಥ ಖಾರ ಅಪ್ಪನೂ ಕುಟ್ಟಿರಲಿಕ್ಕಿಲ್ಲ. ಆಮೇಲೆ ದಿನಾ ಅದೇ, ಅಂಗಡಿ ತೆಗೆದಾಗಿನಿಂದ ಮುಚ್ಚುವವರೆಗೆ, ಅದೇ ದನಿ, ಅದೇ ಕೆಮ್ಮು. ಬರಬರುತ್ತ ನಾನು ಕೆಮ್ಮಿಗೆ ಕಾಯತೊಡಗಿದೆ. ಒಂದು ಸಲ ಖಾನಾವಳಿಗೆ ಹೋದವನು, ಶುಂಠಿ ಬೆಲ್ಲ ತಿನ್ನವ್ವಾ, ಕೆಮ್ಮು ಬಿಟ್ಟಂಗಿಲ್ಲ ಎಂದು ಹೇಳಿ ಬಂದೆ. ಅವಳು ಗಾಬರಿಯಾಗಿ ನೋಡಿದಳು. ಇನ್ನೊಂದು ದಿನ ನನ್ನ ಒನಕೆ ಆ ಬೈಗುಳದ ಲಯಕ್ಕೇ ಏಳುತ್ತ ಬೀಳುತ್ತ ಇರುವುದು ಗಮನಕ್ಕೆ ಬಂತು. ಬಾಯಲ್ಲಿ ಗುನುಗು ಬೇರೆ. ಕಿವಿಯ ಫೋಟೋ ಹೊಡೆದು ನೋಡಿದರೆ ಕಿವಿ ಎಂದಿನ ಬಣ್ಣದ್ದೇ. ಹಳೆಯದೊಂದು ಕೆಂಪು ಕಿವಿಯ ಫೋಟೋ ಇತ್ತು, ಅದನ್ನೇ ಕಳಿಸಿದೆ. ಆಮೇಲೆ ಅದನ್ನೇ ಕಳಿಸುತ್ತ ಹೋದೆ.

ಕಿವಿ ಹಳೆಯದಾದರೂ ಖಾರ ಹೊಸದಲ್ಲವೇ, ಗಿರಾಕಿಗಳಿಗೆ ತಿಳಿಯದೆ ಇರುತ್ತದೆಯೇ? ನನ್ನ ಪುಟದ ನಕ್ಷತ್ರಗಳು ಒಂದೊಂದಾಗಿ ಆರಿದವು. ಸಾರು ಸಪ್ಪೆ ಎಂದು ಬರೆದರು, ಮೋಸ ಎಂದು ಬರೆದರು. ಒಬ್ಬಳಂತೂ, ಬಣ್ಣ ಚೆನ್ನಾಗಿದೆ ಎಂದು ಬರೆದಳು. ಖಾರ ಕುಟ್ಟುವವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಬೆರಳಿಡದೆ ಸರಾಗವಾಗಿ ಓದಿದೆ. ಏನೂ ಆಗಲಿಲ್ಲ. ಬರೆದವಳ ಕೈಬರಹ ಫೋನಿನಲ್ಲಿ ಕಾಣುವುದಿಲ್ಲವಲ್ಲ, ಹೇಗಿದ್ದೀತು ಎಂದುಕೊಂಡೆ.

ನನಗೆ ದಿಗಿಲಾಯಿತು. ಸಿಟ್ಟು ತಂದುಕೊಳ್ಳಲೇಬೇಕೆಂದು ಹೆದ್ದಾರಿಯ ಮಳಿಗೆಗೇ ಹೋದೆ. ನಮ್ಮ ಅನ್ನ ಕಸಿದ ಜಾಗ, ಒಳಗೆ ಕಾಲಿಟ್ಟರೆ ಸಾಕು ರಕ್ತ ಕುದಿಯುತ್ತದೆ ಎಂಬ ನಂಬಿಕೆ. ಬಾಗಿಲಲ್ಲಿ ನಿಂತವನು ಸಲಾಮು ಹೊಡೆದ. ಖಾರದ ಪಾಕೀಟುಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ನಿಂತು, ಒಳಗೆ ಎಷ್ಟು ತಂಪಾಗಿದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಅರಿವಿಗೆ ಬಂದ ಕೂಡಲೇ ಹೊರಗೆ ಓಡಿಬಂದೆ.

ನೀಲಗಂಗವ್ವ ತಾನೇ ಬಂದಳು. ಚಟ್ನಿ ತಿಂದರೂ ಕಣ್ಣಲ್ಲಿ ನೀರು ಬರುತ್ತಿಲ್ಲವೆಂದು ಲಾರಿಯವರು ಹೆದ್ದಾರಿ ಹೋಟೆಲಿನ ಮುಂದೆ ಲಾರಿ ನಿಲ್ಲಿಸತೊಡಗಿದ್ದರು. ಮೊದಲಿನ ಹಾಗೇ ಕಟ್ಟೆಯ ಮುಂದೆ ನಿಂತಳು, ಸೊಂಟಕ್ಕೆ ಸೆರಗು ಸಿಗಿಸಿದಳು. ಟೇಲರ್ ಮಷಿನ್ ನಿಲ್ಲಿಸಿದ. ಅವಳು ಏಳನೇತ್ತದಿಂದ ಶುರು ಮಾಡಿದಳು. ಪೆನ್ನಿನವರೆಗೆ ಬಂದಾಗ ನಾನು ನನಗೆ ಗೊತ್ತಿಲ್ಲದೆ ಕೆಮ್ಮಿದೆ. ಅವಳು ಅದನ್ನು ಅಲ್ಲಿಗೇ ಬಿಟ್ಟಳು. ನನ್ನ ಕುಳ್ಳತನ ಎತ್ತಿದಳು, ಉಪ್ಪಿಟ್ಟು ಎತ್ತಿದಳು, ಅಪ್ಪನನ್ನು ಎಳೆತಂದಳು. ಎಲ್ಲವೂ ಫೋನಿನಲ್ಲಿ ಇದ್ದವೇ. ನಾನು ತಲೆಯಾಡಿಸುತ್ತ ಕೇಳಿದೆ. ಅವಳು ನನ್ನ ಕಿವಿ ನೋಡಿದಳು, ಬಗ್ಗಿ ಇನ್ನೊಂದು ಕಿವಿಯನ್ನೂ ನೋಡಿದಳು. ಕೊನೆಗೆ ಅಪ್ಪನ ಮಗ್ಗುಲಲ್ಲಿ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ನನ್ನ ಬಾಯಾಗಿನ ಮಾತೆಲ್ಲಾ ಮಂದಿಗೆ ಹಂಚಿಬಿಟ್ನಲೋ ಫಕೀರ್ಯಾ," ಎಂದಳು. "ಈಗ ನನಗ ಬೇಕಂದ್ರ ಒಂದೂ ಉಳಿದಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣು ಅರಳಿದವು. "ಸಮಾಧಾನ ಬಂತೇನೋ ನಿನಗೂ?" ಎಂದು ಕೇಳಿ, ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿ ಅಂಗೈಯಿಂದ ಧೂಳು ಒರೆಸಿದ. ನಾನು ಕೂರಲಿಲ್ಲ. ಆದರೆ ಕೂತರೆ ಹಿತವಾಗಿರುತ್ತದೆ ಅನ್ನಿಸಿತು, ಅದೇ ಹೆದರಿಕೆ.

ಈ ಮಧ್ಯೆ ನಮ್ಮ ಊರು ಮಾದರಿ ಊರಾಗಿತ್ತು. ಮೇಡಂ ಕಚೇರಿಯ ದೊಡ್ಡವರು ಜಿಲ್ಲೆ ಜಿಲ್ಲೆಗಳಿಂದ ನೋಡಲು ಬರುವವರಿದ್ದರು. ಅವರ ಊಟವನ್ನು ಹೆದ್ದಾರಿ ಹೋಟೆಲಿಗೆ ಒಪ್ಪಿಸಬೇಕೆಂದು ಮೇಲಿನವರ ಮಾತು. ಮೇಡಂ ಹಟ ಹಿಡಿದು ನೀಲಗಂಗವ್ವನಿಗೆ ಕೊಡಿಸಿದರು. ಊಟ ಒಪ್ಪಿಗೆಯಾದರೆ ಇನ್ನು ಮುಂದೆ ಕಚೇರಿಯ ತರಬೇತಿಗಳ ಊಟವೆಲ್ಲ ಖಾನಾವಳಿಗೇ. ಒಪ್ಪಿಗೆಯಾಗದಿದ್ದರೆ ಹೋಟೆಲಿಗೆ. ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ಎಂದು ನೀಲಗಂಗವ್ವ ನಿಶ್ಚಯ ಮಾಡಿದಳು. ಬಿಸಿಲಿಗೆ ಗಲಗಲ ಒಣಗಿದ ಮೆಣಸಿನಕಾಯಿ ತಂದು ನನ್ನ ಮುಂದೆ ಸುರಿದಳು. ಬೈಯಲಿಲ್ಲ. "ಇದು ಹೋತಂದ್ರ ನಾ ಒಲಿ ಆರಸ್ತೀನಿ ತಮ್ಮಾ" ಎಂದು ಮೆತ್ತಗೆ ಹೇಳಿ ಹೋದಳು. ಅವಳ ಬಾಯಲ್ಲಿ ತಮ್ಮಾ ಕೇಳಿದ್ದು ಅದೇ ಮೊದಲು.

ದೊಡ್ಡವರು ಬರುವ ದಿನ ಬೆಳಿಗ್ಗೆ ಎದ್ದವನೇ ಕುಟ್ಟಲು ನಿಂತೆ. ತೋಳು ಬಿದ್ದುಹೋಗುವವರೆಗೆ ಕುಟ್ಟಿದೆ. ಚಿಟಿಕೆ ತೆಗೆದು ನಾಲಿಗೆಗಿಟ್ಟರೆ ಇಟ್ಟಿಗೆಯ ಪುಡಿ. ಇನ್ನೂ ಅರ್ಧದಷ್ಟು ಮೆಣಸಿನಕಾಯಿ ಬುಟ್ಟಿಯಲ್ಲಿ ಹಾಗೇ ಇತ್ತು. ಅಷ್ಟರಲ್ಲಿ ಸಮುದಾಯ ಭವನದಿಂದ ಕರೆ ಬಂತು, ಫಕೀರೇಶ ವೇದಿಕೆಯ ಮೇಲೆ ಬೇಕಂತೆ. ಕೈ ಒರೆಸಿಕೊಂಡು ಹೋದೆ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡವರು, ಹಿಂದೆ ಇಡೀ ಊರು. ಒಂದು ಮಗ್ಗುಲಿಗೆ ನೀಲಗಂಗವ್ವನ ಒಲೆಗಳು ಉರಿಯುತ್ತಿದ್ದವು, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಸೌಟು ಹಿಡಿದುಕೊಂಡೇ ನನ್ನ ಕೈ ನೋಡಿದಳು. ಖಾಲಿ ಕೈ. ತಲೆ ಆ ಕಡೆ ತಿರುಗಿಸಿದಳು.

ಪ್ರಫುಲ್ಲಾ ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು ಮೈಕಿನಲ್ಲಿ ಮಾತಾಡಿದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು, ಅದನ್ನು ಇಲ್ಲ ಎನ್ನಲಾರೆ.

"ಇವರು ಫಕೀರೇಶ್. ಪಾಪ, ಏಳನೇ ತರಗತಿಗೇ ಶಾಲೆ ಬಿಟ್ಟವರು. ನಾವು ಬಂದಾಗ ಒಂದು ಸಾಲು ಓದೋಕೂ ಬೆರಳು ಬೇಕಿತ್ತು. ಮಾತೆತ್ತಿದರೆ ಸಿಟ್ಟು. ಅವರ ತಪ್ಪಲ್ಲ ಅದು, ತಿಳಿವಳಿಕೆ ಇರಲಿಲ್ಲ ಅಷ್ಟೇ. ಇವತ್ತು ನೋಡಿ, ಎಷ್ಟು ಶಾಂತವಾಗಿ ನಿಂತಿದ್ದಾರೆ. ನಾವು ಮನಸ್ಸು ಮಾಡಿದರೆ ಇಂಥವರನ್ನೂ ತಿದ್ದಬಹುದು."

ಚಪ್ಪಾಳೆ ಹೊಡೆದರು. ಮುಂದಿನ ಸಾಲು ಮೊದಲು ಹೊಡೆಯಿತು, ಆಮೇಲೆ ಊರೂ ಹೊಡೆಯಿತು. ಬಾಳೆಹಣ್ಣಿನವನು ಹೊಡೆದ, ಟೇಲರ್ ಹೊಡೆದ. ಅಷ್ಟು ವರ್ಷ ನನ್ನನ್ನು ಕೋಣ ಎಂದವರು, ಕುಳ್ಳ ಎಂದವರು, ಒಬ್ಬರೂ ಪಾಪ ಅಂದಿರಲಿಲ್ಲ. ಮೊದಲು ಕಾಲಿನಡಿ ಬಿಸಿಯಾಯಿತು. ಬಿಸಿಲಿಗೆ ಕಾದ ಹಲಗೆ ಇರಬೇಕು ಎಂದುಕೊಂಡೆ. ಅದು ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಎದೆಗೆ ಬಂತು. ಸಾಲಿ ಬಿಡಿಸಿದ ದಿನ ಪಾಟಿಚೀಲ ಇಳಿಸುವಾಗ ಬಂದ ಬಿಸಿ ಅದೇ. ಅದು ಎಲ್ಲಿಯೂ ಹೋಗಿರಲಿಲ್ಲ.

ಮೇಡಂ ಮೈಕನ್ನು ನನ್ನ ಬಾಯಿಗೆ ಹಿಡಿದು, ನಿಮಗೆ ಹೇಗನ್ನಿಸುತ್ತಿದೆ, ಎರಡು ಮಾತು ಹೇಳಿ ಎಂದರು. ನನ್ನ ಹತ್ತಿರ ಎರಡಲ್ಲ, ಬೇಕಾದಷ್ಟು ಇದ್ದವು. ತಿದ್ದುವುದು ಎಂದರೇನು, ಯಾರು ಯಾರನ್ನು ತಿದ್ದುತ್ತಾರೆ, ಇಂಥವರು ಎಂದರೆ ಎಂಥವರು, ಎಲ್ಲವೂ ಸಾಲು ಹಿಡಿದು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಜೀವಮಾನದಲ್ಲಿ ಅಷ್ಟು ಒಳ್ಳೆಯ ಉತ್ತರ ನನಗೆ ಹೊಳೆದಿರಲಿಲ್ಲ. ಮೈಕ್ ಬೇರೆ ಇತ್ತು. ಊರು ಕೇಳುತ್ತಿತ್ತು.

"ಮೈಕ್ ತಗೀರಿ ಮೇಡಂ," ಎಂಬ ದನಿ ಒಲೆಯ ಕಡೆಯಿಂದ ಬಂತು. ನೀಲಗಂಗವ್ವ ಸೌಟು ಎತ್ತಿ ಹಿಡಿದು ಜನರ ನಡುವೆ ಬರುತ್ತಿದ್ದಳು. "ಅವನ್ನ ಮಾತಾಡಿಸಬ್ಯಾಡ್ರಿ. ಕಿವಿ ನೋಡ್ರಿ ಅವಂದು."

ಮೇಡಂ ನನ್ನ ಕಿವಿ ನೋಡಿದರು. ಮೈಕ್ ಹಿಂದಕ್ಕೆ ಸರಿಸಿ, ನಾನೇನಾದರೂ ತಪ್ಪು ಮಾತಾಡಿದೆನಾ ಫಕೀರೇಶ್ ಎಂದು ಮೆಲ್ಲಗೆ ಕೇಳಿದರು. ಪಾಪದವರು, ತಿಳಿಯದೆಯೇ ಕೇಳಿದರು.

ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ವೇದಿಕೆಯ ಮೆಟ್ಟಿಲು ಇಳಿದೆ. ಕಸುಬಿನ ರೀತಿ ಬಲ್ಲ ಜನ, ಯಾರೂ ಮಾತಾಡಿಸದೆ ಎರಡೂ ಕಡೆ ಸರಿದು ದಾರಿ ಬಿಟ್ಟರು. ಹಿಂದಿನಿಂದ ನೀಲಗಂಗವ್ವ, ಮಂದಿ ಊಟಕ್ಕ ಕುಂಡ್ರೂದು ತಡಾ ಆಗತೈತಿ, ಇನ್ನೊಂದು ಭಾಷಣ ಇಡಿಸ್ರಿ ಎಂದು ಹೇಳುವುದು ಕೇಳಿತು. ಪೇಟೆ ಖಾಲಿ ಇತ್ತು. ಕಟ್ಟೆಯ ಮೇಲೆ ಅಪ್ಪ ಒಬ್ಬನೇ ಕುಳಿತು ನನ್ನನ್ನು ನೋಡಿ ನಕ್ಕ, ಪಕ್ಕದ ಜಾಗವನ್ನು ಮತ್ತೊಮ್ಮೆ ಒರೆಸಿದ, ಬಾ ಕೂಡು ಎಂದು ಕರೆದ. ಅವನಿಗೂ ಉತ್ತರ ಕೊಡದೆ, ಆ ಜಾಗ ದಾಟಿ, ಒರಳಿನ ಕಡೆ ನಡೆದೆ.